ರಕ್ತ ಕಡಿಮೆ

ನಮ್ಮ ಹಾಸನದ ಕಡೆ ಹೆಣ್ಣುಮಕ್ಕಳ ಬಗ್ಗೆ ಮಾತು ಬಂದಾಗ "ದೊಡ್ಡವಳು ಎತ್ತರ, ನಡುವಿನವಳು ಮಾತು ಕಡಿಮೆ, ಚಿಕ್ಕವಳಿಗೆ ಸ್ವಲ್ಪ ರಕ್ತ ಕಡಿಮೆ" ಎಂದು ಒಂದೇ ಉಸಿರಿನಲ್ಲಿ ಹೇಳಿಬಿಡುತ್ತಾರೆ. ರಕ್ತ ಕಡಿಮೆ ಇರುವುದೂ ಮೈಬಣ್ಣದ ಹಾಗೆ, ಸ್ವಭಾವದ ಹಾಗೆ, ಅವರವರು ಪಡೆದುಕೊಂಡು ಬಂದದ್ದು. ಅದಕ್ಕೆ ಮದ್ದೂ ಎಲ್ಲರಿಗೂ ಬಾಯಿಪಾಠ: ನುಗ್ಗೆಸೊಪ್ಪು, ಬೀಟ್‌ರೂಟು, ಖರ್ಜೂರ, ಬೆಲ್ಲದ ಜೊತೆ ಕಡಲೆಕಾಯಿ, ಶಾಲೆಯಲ್ಲಿ ವಾರಕ್ಕೊಂದು ಕೊಡುವ ನೀಲಿ ಬಣ್ಣದ ಕಬ್ಬಿಣದ ಮಾತ್ರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದೊಳಗಿನ ಮಹಿಳೆಯರಲ್ಲಿ ಶೇಕಡ 57 ಮಂದಿಗೆ ರಕ್ತಹೀನತೆಯಿದೆ. ಕರ್ನಾಟಕದಲ್ಲಿ ಈ ಸಂಖ್ಯೆ ಶೇಕಡ 48ರ ಆಸುಪಾಸು. ಇಬ್ಬರಲ್ಲಿ ಒಬ್ಬಳಿಗೆ ಇರುವ ತೊಂದರೆಗೆ ಯಾರೂ ಗಾಬರಿಯಾಗುವುದಿಲ್ಲ. ಬಹುತೇಕ ಸಲ ಗಾಬರಿಯಾಗಬೇಕಾದ ಅಗತ್ಯವೂ ಇರುವುದಿಲ್ಲ.

ಆದರೆ ಈ 'ಬಹುತೇಕ'ದ ಹೊರಗೆ ಉಳಿಯುವ ಹುಡುಗಿಯರಿದ್ದಾರೆ. ಲಕ್ಷಾಂತರ ಜನರಿಗೆ ಇರುವ ಕಾಯಿಲೆಯ ಮುಖವನ್ನೇ ಹೊತ್ತು, ಬೆರಳೆಣಿಕೆಯ ಜನರಿಗೆ ಬರುವ ಕಾಯಿಲೆಯೊಂದು ಅವರೊಳಗೆ ಕೂತಿರುತ್ತದೆ. ನನ್ನ ಚಿಕ್ಕಮ್ಮನ ಮಗಳು ಅಂಥವಳು. ಅವಳ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಹೆಸರು ಮಾತ್ರ ಬೇಡ ಅಂದಿದ್ದಾಳೆ, ಹಾಗಾಗಿ ಮನೆಯಲ್ಲಿ ಕರೆಯುವ ಹಾಗೆ ತಂಗಿ ಎಂದೇ ಕರೆಯುತ್ತೇನೆ.

ಎರಡನೇ ಪಿಯುಸಿಯಲ್ಲಿದ್ದಾಗ ತಂಗಿಗೆ ಸುಸ್ತು ಶುರುವಾಯಿತು. ಕಾಲೇಜಿನ ಎರಡನೇ ಮಹಡಿ ಹತ್ತುವಾಗ ಮಧ್ಯೆ ಕಂಬ ಹಿಡಿದು ನಿಲ್ಲುತ್ತಿದ್ದಳು. ಪರೀಕ್ಷೆಯ ಟೆನ್ಷನ್ ಅಂದರು. ಆಮೇಲೆ ಮುಟ್ಟಿನ ರಕ್ತಸ್ರಾವ ಜಾಸ್ತಿಯಿರಬೇಕು ಅಂದರು. ಜಂತುಹುಳಕ್ಕೆ ಮಾತ್ರೆ ಕೊಟ್ಟರು. ಹಾಸ್ಟೆಲ್ಲಿನ ಊಟ ಸೇರುತ್ತಿಲ್ಲ ಎಂದು ತೀರ್ಮಾನಿಸಿದರು. ಚಿಕ್ಕಪ್ಪನ ತಾಯಿಯಂತೂ "ಮಗ್ಳಿಗೆ ಸರ್ಯಾಗಿ ಉಣ್ಣಕ್ಕಿಕ್ಕಿದ್ರೆ ಯಾಕಿಂಗಾಗ್ತಿತ್ತು" ಎಂದು ಬಂದವರ ಎದುರೆಲ್ಲ ಹೇಳಿ, ಚಿಕ್ಕಮ್ಮ ಎರಡು ವರ್ಷ ತಲೆ ತಗ್ಗಿಸಿಕೊಂಡು ಓಡಾಡುವಂತಾಯಿತು. ಹಿಮೋಗ್ಲೋಬಿನ್ 12 ಇರಬೇಕಾದ ಕಡೆ ಒಮ್ಮೆ 8, ಒಮ್ಮೆ 7. ಕಬ್ಬಿಣದ ಮಾತ್ರೆ ನುಂಗಿದರೆ ಸ್ವಲ್ಪ ಏರುವುದು, ಎರಡು ತಿಂಗಳಲ್ಲಿ ಮತ್ತೆ ಇಳಿಯುವುದು. ಒಂದು ಆಸ್ಪತ್ರೆಯಲ್ಲಿ ಎರಡು ಬಾಟಲಿ ರಕ್ತ ಕೊಟ್ಟು ಮನೆಗೆ ಕಳಿಸಿದರು. ಹೋದ ರಕ್ತ ಎಲ್ಲಿಗೆ ಹೋಯಿತು ಎಂದು ಅಲ್ಲಿ ಯಾರೂ ಕೇಳಲಿಲ್ಲ.

ಆ ಪ್ರಶ್ನೆಗೆ ಉತ್ತರ ಮಲದಲ್ಲಿತ್ತು. ಜಠರದಲ್ಲಿ ರಕ್ತ ಒಸರಿದರೆ ಅದು ಜೀರ್ಣವಾಗಿ ಮಲ ಡಾಂಬರಿನಂತೆ ಕಪ್ಪಾಗುತ್ತದೆ. ತಂಗಿ ಅದನ್ನು ಗಮನಿಸಿದ್ದಳು, ಸಂಕೋಚ ಬಿಟ್ಟು ಒಮ್ಮೆ ಹೇಳಿಯೂ ಇದ್ದಳು. "ಕಬ್ಬಿಣದ ಮಾತ್ರೆ ತಗೊಂಡ್ರೆ ಹಾಗೇ ಆಗುತ್ತಮ್ಮ" ಎಂಬ ಉತ್ತರ ಸಿಕ್ಕಿತ್ತು. ಅದು ಸುಳ್ಳಲ್ಲ. ಕಬ್ಬಿಣದ ಮಾತ್ರೆಯಿಂದಲೂ ಮಲ ಕಪ್ಪಾಗುತ್ತದೆ. ಕಾಯಿಲೆಯ ಗುರುತನ್ನು ಅದಕ್ಕೆ ಕೊಟ್ಟ ಮದ್ದೇ ಮುಚ್ಚಿಟ್ಟಿತ್ತು.

ಡಿಗ್ರಿ ಎರಡನೇ ವರ್ಷದಲ್ಲಿ ಬಸ್‌ಸ್ಟ್ಯಾಂಡಿನಲ್ಲಿ ತಲೆತಿರುಗಿ ಬಿದ್ದಳು. ಆಗ ಹಿಮೋಗ್ಲೋಬಿನ್ 5.8. ರಾತ್ರಿ ಪಾಳಿಯಲ್ಲಿದ್ದ ಎಳೆಯ ವಯಸ್ಸಿನ ಡಾಕ್ಟರೊಬ್ಬರು ಕೇಸ್ ಶೀಟ್ ಬರೆಯುತ್ತಾ ಕೇಳಿದರು: "ಮಾತ್ರೆ ತಗೊಳ್ದೇ ಇರೋ ದಿನಗಳಲ್ಲಿ ಮೋಷನ್ ಯಾವ ಬಣ್ಣ ಇರುತ್ತೆ?" ತಂಗಿ ಮಾತ್ರೆ ಬಿಟ್ಟು ಒಂದು ತಿಂಗಳಾಗಿತ್ತು. ಮಲ ಕಪ್ಪಾಗಿಯೇ ಇತ್ತು. ಮರುದಿನ ಬೆಳಿಗ್ಗೆ ಎಂಡೋಸ್ಕೋಪಿಗೆ ಬರೆದರು. ಎರಡು ವರ್ಷದಲ್ಲಿ ಅವಳ ಸುಸ್ತನ್ನು ಸುಸ್ತೆಂದು ನಂಬಿ ಕೇಳಿದ ಮೊದಲ ಪ್ರಶ್ನೆ ಅದು.

ಎಂಡೋಸ್ಕೋಪಿಯಲ್ಲಿ ಜಠರದ ಕೆಳಭಾಗದಲ್ಲಿ, ಸಣ್ಣ ಕರುಳಿಗೆ ಕೂಡುವ ಜಾಗದ ಹತ್ತಿರ, ಒಂದು ಉಬ್ಬು ಕಂಡಿತು. ಉಬ್ಬಿನ ನೆತ್ತಿಯಲ್ಲಿ ಚಿಕ್ಕ ಹುಣ್ಣು, ಅಲ್ಲಿಂದಲೇ ರಕ್ತ. ಚೂರು ಕಿತ್ತು ಬಯಾಪ್ಸಿಗೆ ಕಳಿಸಿದರೆ ವರದಿ ಬಂದದ್ದು 'ಸಾಮಾನ್ಯ ಗ್ಯಾಸ್ಟ್ರೈಟಿಸ್' ಎಂದು. ಮನೆಯವರು ದೇವರಿಗೆ ಹಣ್ಣುಕಾಯಿ ಮಾಡಿಸಿದರು. ಆದರೆ ಇಂಥ ಗಡ್ಡೆಗಳು ಹುಟ್ಟುವುದು ಜಠರದ ಒಳಪದರದಲ್ಲಿ ಅಲ್ಲ, ಅದರ ಹಿಂದಿನ ಸ್ನಾಯುವಿನ ಗೋಡೆಯಲ್ಲಿ. ಎಂಡೋಸ್ಕೋಪಿಯ ಪುಟ್ಟ ಚಿಮುಟ ಕಿತ್ತುಕೊಳ್ಳುವುದು ಮೇಲಿನ ಪದರವನ್ನಷ್ಟೆ. ಗೋಡೆಯ ಸುಣ್ಣ ಕೆರೆದು ಒಳಗಿನ ಇಟ್ಟಿಗೆ ಪರೀಕ್ಷಿಸಿದ ಹಾಗೆ. ಸಿಟಿ ಸ್ಕ್ಯಾನ್ ಮಾಡಿಸಿದಾಗ ಗೋಡೆಯೊಳಗೆ ಒಂದಕ್ಕೊಂದು ಅಂಟಿಕೊಂಡ ಹಲವು ಗಂಟುಗಳು ಕಂಡವು. ಜಠರದ ಕೆಳಭಾಗವನ್ನು ತೆಗೆದುಹಾಕಿದರು.

ಇಲ್ಲಿಂದ ಮುಂದೆ ನಾನೂ ಈ ಕಥೆಯೊಳಕ್ಕೆ ಬಂದೆ. ನಾನು ಜೀವರಸಾಯನಶಾಸ್ತ್ರದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ನನ್ನ ಕೆಲಸ ರಾಗಿ ಕಾಳಿನ ಕಿಣ್ವಗಳ ಮೇಲೆ. ಆದರೆ ಮನೆಯಲ್ಲಿ "ಹೆಸರಿನ ಮುಂದೆ ಡಾಕ್ಟ್ರು ಅಂತ ಬರುತ್ತಲ್ಲ, ಅಷ್ಟು ಸಾಕು" ಎಂದು ವರದಿಗಳನ್ನೆಲ್ಲ ನನ್ನ ವಾಟ್ಸಾಪಿಗೆ ಕಳಿಸತೊಡಗಿದರು.

ಗಡ್ಡೆಯ ಹೆಸರು ಜಿಸ್ಟ್. ಜಠರ ಮತ್ತು ಕರುಳಿನ ಗೋಡೆಯಲ್ಲಿ ಕಹಾಲ್ ಕೋಶಗಳು ಎಂಬವಿವೆ. 1906ರಲ್ಲಿ ನೊಬೆಲ್ ಪಡೆದ ಸ್ಪೇನಿನ ರಮೋನ್ ಇ ಕಹಾಲ್ ಅವನ್ನು ಮೊದಲು ವಿವರಿಸಿದವನು. ಹೃದಯಕ್ಕಿರುವ ಹಾಗೆ ಹೊಟ್ಟೆಗೂ ಒಂದು ಮಿಡಿತವಿದೆ, ನಿಮಿಷಕ್ಕೆ ಸುಮಾರು 3 ಸಲ. ಆ ತಾಳ ಹಾಕುವುದು ಈ ಕೋಶಗಳೇ. ಇವುಗಳ ಬಳಗದ ಕೋಶಗಳು ಲಂಗುಲಗಾಮಿಲ್ಲದೆ ಬೆಳೆದಾಗ ಜಿಸ್ಟ್ ಆಗುತ್ತದೆ. ಬಹಳ ಕಾಲ ಇವನ್ನು ಸ್ನಾಯುವಿನ ಗಡ್ಡೆಗಳೆಂದೇ ತಿಳಿದಿದ್ದರು. 1998ರಲ್ಲಿ ಜಪಾನಿನ ಹಿರೋಟಾ ಮತ್ತು ಸಂಗಡಿಗರು, ಬಹುಪಾಲು ಜಿಸ್ಟ್‌ಗಳಲ್ಲಿ ಕಿಟ್ ಎಂಬ ಜೀನ್ ಕೆಟ್ಟು, ಸದಾ ಒತ್ತಿಹಿಡಿದ ಸ್ವಿಚ್ಚಿನಂತೆ ಇರುತ್ತದೆ ಎಂದು ತೋರಿಸಿದರು. ರಕ್ತದ ಒಂದು ಬಗೆಯ ಕ್ಯಾನ್ಸರಿಗೆಂದು ಸಿದ್ಧವಾಗುತ್ತಿದ್ದ ಇಮ್ಯಾಟಿನಿಬ್ ಎಂಬ ಮಾತ್ರೆ ಆ ಸ್ವಿಚ್ಚನ್ನು ಆರಿಸಬಲ್ಲದು ಎಂದು ಗೊತ್ತಾಯಿತು. 2000ದಲ್ಲಿ ಫಿನ್‌ಲೆಂಡಿನ ಮಹಿಳೆಯೊಬ್ಬರಿಗೆ ಅದನ್ನು ಕೊಟ್ಟಾಗ ಯಾವುದಕ್ಕೂ ಜಗ್ಗದಿದ್ದ ಗಡ್ಡೆಗಳು ಕುಗ್ಗಿದವು. ಗ್ಲಿವೆಕ್ ಎಂಬ ಹೆಸರಿನ ಈ ಮಾತ್ರೆಯ ಪೇಟೆಂಟ್ ಅರ್ಜಿಯನ್ನು 2013ರ ಏಪ್ರಿಲ್ 1ರಂದು ನಮ್ಮ ಸುಪ್ರೀಂ ಕೋರ್ಟ್ ತಿರಸ್ಕರಿಸಿದ್ದು ಅನೇಕರಿಗೆ ನೆನಪಿರಬಹುದು. ಅದರ ಜೆನೆರಿಕ್ ಮಾತ್ರೆ ಇಲ್ಲಿ ಮೂಲ ಬೆಲೆಯ ಸಣ್ಣದೊಂದು ಪಾಲಿಗೆ ಸಿಗುತ್ತದೆ.

ತಂಗಿಯ ಗಡ್ಡೆಯಲ್ಲೂ ಕಿಟ್ ಪರೀಕ್ಷೆ ಪಾಸಿಟಿವ್ ಬಂದಿತ್ತು. ಮಾತ್ರೆ ಇದೆ, ಅಗ್ಗವಾಗಿಯೂ ಇದೆ. ಚಿಕ್ಕಪ್ಪ ಮೊದಲ ಸಲ ನಿದ್ದೆ ಮಾಡಿದರಂತೆ.

ಅಷ್ಟರಲ್ಲಿ ಸ್ಲೈಡ್ ನೋಡಿದ ಪೆಥಾಲಜಿಸ್ಟ್ ಒಂದು ಸಾಲು ಸೇರಿಸಿದ್ದರು: ಮಾತ್ರೆ ಶುರುಮಾಡುವ ಮೊದಲು ಎಸ್‌ಡಿಎಚ್‌ಬಿ ಪರೀಕ್ಷೆ ಆಗಲಿ. ಅವರಿಗೆ ಅನುಮಾನ ತಂದ ಸಂಗತಿಗಳು ನಾಲ್ಕು. ಸಾಮಾನ್ಯ ಜಿಸ್ಟ್ ಅರವತ್ತರ ಆಸುಪಾಸಿನವರ ಕಾಯಿಲೆ, ಇವಳಿಗೆ 19. ಅದು ಒಂಟಿ ಗಡ್ಡೆಯಾಗಿರುತ್ತದೆ, ಇದು ಹಲವು ಗಂಟುಗಳ ಗೊಂಚಲು. ಅದರ ಕೋಶಗಳು ಹೆಚ್ಚಾಗಿ ಕದಿರಿನಂತೆ ಉದ್ದ, ಇವು ದುಂಡು. ಅದು ದುಗ್ಧಗ್ರಂಥಿಗೆ ಹಬ್ಬುವುದು ವಿರಳ, ಇಲ್ಲಿ ಒಂದು ಗ್ರಂಥಿಗೆ ಹಬ್ಬಿತ್ತು.

ಎಸ್‌ಡಿಎಚ್ ಎಂಬ ಮೂರಕ್ಷರ ಓದಿ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಸಕ್ಸಿನೇಟ್ ಡಿಹೈಡ್ರೋಜಿನೇಸ್. ಬಿಎಸ್‌ಸಿಯಿಂದ ಹಿಡಿದು ನೆಟ್ ಪರೀಕ್ಷೆಯವರೆಗೆ ನಾವೆಲ್ಲ ಕ್ರೆಬ್ಸ್ ಚಕ್ರ ಎಂದು ಬರೆದು ಬರೆದು ಕೈ ಸವೆಸಿದ ವೃತ್ತದ ಒಂದು ಕೊಂಡಿ. ಸಕ್ಸಿನೇಟ್ ಎಂಬ ವಸ್ತುವನ್ನು ಫ್ಯೂಮರೇಟ್ ಮಾಡುವ ಕಿಣ್ವ. ಪರೀಕ್ಷೆಯಲ್ಲಿ 2 ಅಂಕದ ಪ್ರಶ್ನೆ. ಇದಕ್ಕೆ ಎ, ಬಿ, ಸಿ, ಡಿ ಎಂದು ನಾಲ್ಕು ಭಾಗಗಳು. ನಾಲ್ಕರಲ್ಲಿ ಯಾವುದು ಕೆಟ್ಟರೂ ಬಿ ಭಾಗ ನಿಲ್ಲಲಾರದೆ ಮಾಯವಾಗುತ್ತದೆ. ಕಿಣ್ವ ನಿಂತರೆ ಸಕ್ಸಿನೇಟ್ ಕೋಶದೊಳಗೆ ಕಟ್ಟೆ ಕಟ್ಟಿದ ನೀರಿನಂತೆ ತುಂಬಿಕೊಳ್ಳುತ್ತದೆ. ಡಿಎನ್‌ಎ ಮೇಲಿನ ರಾಸಾಯನಿಕ ಗುರುತುಗಳನ್ನು ಅಳಿಸುವ ಬೇರೆ ಕಿಣ್ವಗಳನ್ನು ಅದು ಕಟ್ಟಿಹಾಕುತ್ತದೆ. ಅಳಿಸಬೇಕಾದ ಗುರುತುಗಳು ಅಳಿಯದೆ ಉಳಿದು, ಕೋಶ ಯಾವ ಜೀನ್ ಓದಬೇಕು, ಯಾವುದನ್ನು ಬಿಡಬೇಕು ಎಂಬುದನ್ನೇ ತಪ್ಪುತ್ತದೆ.

ಪೆಥಾಲಜಿಸ್ಟ್ ಒಮ್ಮೆ ನನ್ನನ್ನು ಕೂರಿಸಿ ಸ್ಲೈಡ್ ತೋರಿಸಿದರು. ಸಾಮಾನ್ಯವಾಗಿ ಇಂಥ ಪರೀಕ್ಷೆಯಲ್ಲಿ ಬಣ್ಣ ಬಂದರೆ ರೋಗ ಎಂದು ಓದುತ್ತೇವೆ. ಇಲ್ಲಿ ತಿರುವುಮುರುವು. ಆರೋಗ್ಯವಂತ ಕೋಶಗಳಲ್ಲಿ ಎಸ್‌ಡಿಎಚ್‌ಬಿ ಕಂದು ಬಣ್ಣದ ರವೆಯಂತೆ ಕಾಣುತ್ತದೆ. ಗಡ್ಡೆಯ ಕೋಶಗಳಲ್ಲಿ ಏನೂ ಇರಲಿಲ್ಲ, ಬಿಳಿಚಿಕೊಂಡ ಬಯಲು. "ಬಣ್ಣ ಬಾರದ್ದಕ್ಕೆ ಸ್ಟೇನ್ ಕೆಟ್ಟಿರಬಹುದಲ್ಲ ಮೇಡಂ?" ಎಂದೆ. ಅವರು ಗಡ್ಡೆಯ ನಡುವೆ ಹಾದುಹೋಗುವ ಒಂದು ಕೂದಲೆಳೆಯ ರಕ್ತನಾಳವನ್ನು ತೋರಿಸಿದರು. ಅದರ ಗೋಡೆಯ ಕೋಶಗಳು ಅಚ್ಚ ಕಂದು. "ಇವು ಅವಳ ಸ್ವಂತ ಒಳ್ಳೆ ಕೋಶಗಳು. ಇವಕ್ಕೆ ಬಣ್ಣ ಹತ್ತಿದೆ ಅಂದ್ರೆ ಸ್ಟೇನ್ ಸರಿಯಾಗಿದೆ. ಗಡ್ಡೇಲಿ ಇಲ್ಲ ಅಂದ್ರೆ ನಿಜವಾಗ್ಲೂ ಇಲ್ಲ" ಅಂದರು.

ಎಳೆಯರಲ್ಲಿ ಬರುವ ಜಠರದ ಜಿಸ್ಟ್‌ಗಳಲ್ಲಿ ಬಹುಪಾಲು ಈ ಎಸ್‌ಡಿಎಚ್ ಕೊರತೆಯವೇ. ಅದರಲ್ಲೂ ಹುಡುಗಿಯರೇ ಹೆಚ್ಚು. ಇದರ ಮೊದಲ ಎಳೆ ಹಿಡಿದವರಲ್ಲಿ ಒಬ್ಬರು ಅಮೆರಿಕದ ಮೇಯೊ ಕ್ಲಿನಿಕ್‌ನ ಪೆಥಾಲಜಿಸ್ಟ್ ಏಡನ್ ಕಾರ್ನಿ. ಜಠರದ ಗಡ್ಡೆ, ಶ್ವಾಸಕೋಶದಲ್ಲಿ ಮೃದ್ವಸ್ಥಿಯ ಗಂಟು, ನರಗಂಟುಗಳಲ್ಲಿ ಹುಟ್ಟುವ ಪ್ಯಾರಾಗ್ಯಾಂಗ್ಲಿಯೋಮಾ ಎಂಬ ಮತ್ತೊಂದು ಗಡ್ಡೆ: ಈ ಮೂರೂ ಎಳೆಯ ವಯಸ್ಸಿನ ಹೆಂಗಸರಲ್ಲಿ ಒಟ್ಟಿಗೆ ಬರುವುದು ಕಾಕತಾಳೀಯವಲ್ಲ ಎಂದು ಅವರು 1977ರಲ್ಲಿ ಬರೆದರು. ಜಠರದಲ್ಲಿ ಗಡ್ಡೆಯಿರುವವರ ಶ್ವಾಸಕೋಶದಲ್ಲಿ ಚುಕ್ಕೆ ಕಂಡರೆ ಹಬ್ಬಿಬಿಟ್ಟಿದೆ ಎಂದುಕೊಳ್ಳುವುದು ಸಹಜ. ಅದು ಹಬ್ಬಿದ್ದಲ್ಲದೆ ಬೇರೆಯದೇ, ಅಷ್ಟೇನೂ ಅಪಾಯವಿಲ್ಲದ ಗಂಟಾಗಿರಬಹುದು ಎಂದು ಹೇಳುವುದು ಒಬ್ಬಳ ಬದುಕಿಗೆ ಎಷ್ಟು ವರ್ಷ ಸೇರಿಸಿದಂತೆ! 1999ರ ಹೊತ್ತಿಗೆ ಕಾರ್ನಿ ಇಂಥ 79 ಜನರ ವಿವರ ಕಲೆಹಾಕಿದ್ದರು. ಒಂದು ಗಡ್ಡೆಗೂ ಇನ್ನೊಂದಕ್ಕೂ ನಡುವೆ ಎಷ್ಟೋ ಸಲ ವರ್ಷಗಳೇ ಕಳೆದಿರುತ್ತಿದ್ದವು. 2002ರಲ್ಲಿ ಕಾರ್ನಿ ಮತ್ತು ಸ್ಟ್ರಟಾಕಿಸ್ 5 ಕುಟುಂಬಗಳ 12 ಮಂದಿಯನ್ನು ವಿವರಿಸಿ, ಜಠರದ ಗಡ್ಡೆ ಮತ್ತು ಪ್ಯಾರಾಗ್ಯಾಂಗ್ಲಿಯೋಮಾ ಜೋಡಿ ವಂಶದಲ್ಲಿ ಹರಿಯಬಲ್ಲದು ಎಂದರು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಇದಕ್ಕೆಂದೇ ನಡೆಸಿದ ಕ್ಲಿನಿಕ್‌ಗೆ ಬಂದವರ ಬಗ್ಗೆ 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒಟ್ಟು 95 ಜನರಿದ್ದರು. ಅವರಲ್ಲಿ 84 ಮಂದಿಗೆ ಎಸ್‌ಡಿಎಚ್ ಕೊರತೆಯಿತ್ತು. ವರ್ಷಗಟ್ಟಲೆ ಕಾದು ಸೇರಿಸಿದವರ ಲೆಕ್ಕವೇ ಇಷ್ಟಾದರೆ ಒಬ್ಬ ಡಾಕ್ಟರ್ ತಮ್ಮ ಇಡೀ ವೃತ್ತಿಯಲ್ಲಿ ಒಂದನ್ನೂ ನೋಡದೇ ಇರುವುದು ಆಶ್ಚರ್ಯವಲ್ಲ.

ಸರಿಯಾದ ಹೆಸರು ಸಿಕ್ಕಿದ್ದರಿಂದ ಮನೆಯಲ್ಲಿ ಮೊದಲು ಆದದ್ದು ಸಿಟ್ಟು. ಎಸ್‌ಡಿಎಚ್ ಕೊರತೆಯ ಗಡ್ಡೆಯಲ್ಲಿ ಕಿಟ್ ಜೀನ್ ಕೆಟ್ಟಿರುವುದಿಲ್ಲ, ಹಾಗಾಗಿ ಇಮ್ಯಾಟಿನಿಬ್‌ನಿಂದ ಸಾಮಾನ್ಯವಾಗಿ ಪ್ರಯೋಜನವಿಲ್ಲ. ಡಾಕ್ಟರು ಮಾತ್ರೆ ಬೇಡ, ಕಾದು ನೋಡೋಣ ಅಂದರು. ಚಿಕ್ಕಪ್ಪ ಫೋನ್ ಮಾಡಿ, "ಮೊನ್ನೆ ಮಾತ್ರೆ ಇದೆ ಅಂದ್ರು, ಇವತ್ತು ಬೇಡ ಅಂತಾರೆ. ನಮ್ಮತ್ರ ದುಡ್ಡಿಲ್ಲ ಅಂದ್ಕೊಂಡ್ರೇನಮ್ಮ? ಇನ್ನೊಂದು ತುಂಡು ಜಮೀನು ಮಾರ್ತೀನಿ ಅಂತ ಹೇಳು" ಅಂದರು. ಈ ಗಡ್ಡೆ ಹಬ್ಬಿದ್ದರೂ ಬಹಳ ನಿಧಾನಿ, ದುಗ್ಧಗ್ರಂಥಿಗೆ ಹಬ್ಬಿದ ಮೇಲೂ ಎಷ್ಟೋ ಜನ ದಶಕಗಟ್ಟಲೆ ಬದುಕಿದ್ದಾರೆ, ಸುಮ್ಮನೆ ಮಾತ್ರೆ ನುಂಗಿಸಿದರೆ ಮುಖ ಊದಿ ವಾಂತಿ ಬರುವುದಷ್ಟೇ ಲಾಭ ಎಂದು ಅರ್ಥಮಾಡಿಸಲು ಒಂದು ವಾರ ಬೇಕಾಯಿತು. ಏನೂ ಮಾಡದಿರುವುದೂ ಚಿಕಿತ್ಸೆಯಾಗಬಹುದು ಎಂಬುದನ್ನು ಒಪ್ಪುವುದು, ಮಗಳಿಗಾಗಿ ಜಮೀನು ಮಾರಲು ಸಿದ್ಧನಿರುವ ಅಪ್ಪನಿಗೆ ಸುಲಭವಲ್ಲ.

ಎರಡನೆಯ ಸಂಗತಿ ಇನ್ನೂ ಕಷ್ಟದ್ದು. ಆ 84 ಮಂದಿಯಲ್ಲಿ 63 ಜನರಿಗೆ ಎಸ್‌ಡಿಎಚ್ ಜೀನ್‌ಗಳಲ್ಲೇ ದೋಷವಿತ್ತು. ಅಂಥ ದೋಷ ಹೆಚ್ಚಿನಂಶ ಹುಟ್ಟಿನಿಂದಲೇ ಬಂದಿರುತ್ತದೆ. ಉಳಿದ 21 ಜನರಲ್ಲಿ ಸಿ ಭಾಗದ ಜೀನ್ ಕೆಡದೆಯೇ ರಾಸಾಯನಿಕ ಗುರುತಿನಿಂದ ಬಾಯಿ ಮುಚ್ಚಿತ್ತು. ಅದು ಸಾಮಾನ್ಯವಾಗಿ ವಂಶದಲ್ಲಿ ಹರಿಯುವಂಥದ್ದಲ್ಲ. ತಂಗಿ ಯಾವ ಗುಂಪಿನವಳು ಎಂದು ತಿಳಿಯಲು ಅವಳ ರಕ್ತ ಪರೀಕ್ಷಿಸಿದರು. ಎಸ್‌ಡಿಎಚ್‌ಬಿ ಜೀನ್‌ನಲ್ಲಿ ದೋಷ ಸಿಕ್ಕಿತು. ಅಪ್ಪ ಅಮ್ಮ ಇಬ್ಬರದ್ದೂ ನೋಡಿದರು. ಅದಿದ್ದದ್ದು ಚಿಕ್ಕಪ್ಪನಲ್ಲಿ. 48 ವರ್ಷದ, ಒಂದು ದಿನ ಜ್ವರ ಎಂದು ಮಲಗದ ಆಳು. ಈ ದೋಷವಿರುವ ಅನೇಕರಿಗೆ ಜೀವನಪೂರ್ತಿ ಏನೂ ಆಗುವುದಿಲ್ಲ. ಆದರೆ ಮಕ್ಕಳಿಗೆ ದಾಟಿಸುವ ಸಾಧ್ಯತೆ ಪ್ರತಿ ಸಲವೂ ಅರ್ಧಕ್ಕರ್ಧ.

ಚಿಕ್ಕಮ್ಮ ಎರಡು ವರ್ಷ ಹೊತ್ತ ಮಾತಿಗೆ ಅವತ್ತು ಉತ್ತರ ಸಿಕ್ಕಿತ್ತು. ಅವರು ಅದನ್ನು ಅತ್ತೆಯ ಮುಂದೆ ಇಡಬಹುದಿತ್ತು, ಇಡಲಿಲ್ಲ. "ಅವ್ರೂ ಬೇಕೂಂತ ಕೊಟ್ರಾ" ಅಂದು ಒಲೆಯ ಕಡೆ ತಿರುಗಿದರು. ನಾನು ಚಿಕ್ಕಮ್ಮನ ಕಡೆಯವಳು. ಈ ದೋಷ ನನ್ನ ರಕ್ತದಲ್ಲಿ ಬರುವ ದಾರಿಯೇ ಇಲ್ಲ. ಬರಬಹುದಾಗಿದ್ದದ್ದು ತಂಗಿಯ ತಮ್ಮನಿಗೆ, ಚಿಕ್ಕಪ್ಪನ ಅಕ್ಕನಿಗೆ, ಅವರ ಇಬ್ಬರು ಹೆಣ್ಣುಮಕ್ಕಳಿಗೆ. ಅವರಲ್ಲಿ ಹಿರಿಯವಳ ಮದುವೆ ನಿಶ್ಚಯವಾಗಿತ್ತು.

ಹೇಳುವುದೋ ಬಿಡುವುದೋ? ನಮ್ಮಲ್ಲಿ ಕಾಯಿಲೆಯ ಸುದ್ದಿ ಒಂದು ಮನೆಯಿಂದ ಹೊರಬಿದ್ದರೆ ಇಡೀ ವಂಶದ ಹೆಣ್ಣುಮಕ್ಕಳ ಜಾತಕ ವಾಪಸು ಬರುತ್ತದೆ. ತಂಗಿಯ ಅತ್ತೆ ಸುದ್ದಿ ಕೇಳಿ, "ಮದ್ವೆ ಒಂದು ಮುಗೀಲಿ, ಆಮೇಲೆ ಬೇಕಾದ್ರೆ ನೋಡಣ" ಅಂದರು. ಆ ಭಯವನ್ನು ಅಜ್ಞಾನ ಎಂದು ತಳ್ಳಿಹಾಕಲು ನನಗೆ ಆಗುವುದಿಲ್ಲ. ಅವರು ಕಂಡ ಲೋಕದಲ್ಲಿ ಅದು ನಿಜವಾದ ಅಪಾಯವೇ. ಆದರೆ ಎಸ್‌ಡಿಎಚ್‌ಬಿ ದೋಷವಿರುವವರಲ್ಲಿ ಕಾಣಬಹುದಾದ ಪ್ಯಾರಾಗ್ಯಾಂಗ್ಲಿಯೋಮಾ ಅಡ್ರಿನಲಿನ್‌ನ ಬಳಗದ ಹಾರ್ಮೋನು ಸುರಿಸಿ ಬಿಪಿಯನ್ನು ಒಮ್ಮೆಲೇ ಏರಿಸಬಲ್ಲದು. ಗೊತ್ತಿಲ್ಲದೆ ಅರಿವಳಿಕೆ ಕೊಟ್ಟಾಗ, ಹೆರಿಗೆಯ ಹೊತ್ತಿನಲ್ಲಿ, ಅದು ಪ್ರಾಣಕ್ಕೇ ಬರಬಹುದು. ಮೊದಲೇ ಗೊತ್ತಿದ್ದರೆ ರಕ್ತದ ಒಂದು ಪರೀಕ್ಷೆ, ಒಂದು ಸ್ಕ್ಯಾನ್, ಬಿಪಿ ಹಿಡಿದಿಡುವ ಔಷಧಿ, ಅಷ್ಟರಲ್ಲಿ ನಿಭಾಯಿಸಬಹುದು. ತಂಗಿಯ ಆಪರೇಷನ್ ಆದಾಗ ಯಾರಿಗೂ ಇದರ ಸುಳಿವಿರಲಿಲ್ಲ. ಅವಳಲ್ಲಿ ಆ ಗಡ್ಡೆ ಇರಲಿಲ್ಲ, ಹಾಗಾಗಿ ಬಚಾವಾದಳು. ಮದುವೆಯ ಮಾತುಕತೆಯಲ್ಲಿ ಹೇಳಬೇಕೋ ಬೇಡವೋ ಎನ್ನುವುದು ಅವರವರ ಮನೆಗೆ ಬಿಟ್ಟದ್ದು. ಹೆರಿಗೆಯ ಕೋಣೆಗೆ ಹೋಗುವ ಮೊದಲು ಆ ಹುಡುಗಿಗೆ ಗೊತ್ತಿರಬೇಕು ಎನ್ನುವುದರಲ್ಲಿ ಎರಡು ಮಾತಿಲ್ಲ.

ಇದನ್ನು ನಾನು ತಂಗಿಗೆ ಹೇಳಿದೆ. ಅವಳು ಸ್ವಲ್ಪ ಯೋಚಿಸಿ, "ಅಕ್ಕ, ಕನ್ನಡದಲ್ಲಿ ಒಂದು ಪುಟ ಬರೆದುಕೊಡು. ಅತ್ತೆಗೂ ಅರ್ಥ ಆಗ್ಬೇಕು, ಯಾವ ಊರಿನ ಡಾಕ್ಟ್ರಿಗೆ ತೋರ್ಸಿದ್ರೂ ಗೊತ್ತಾಗ್ಬೇಕು" ಅಂದಳು. ಥೀಸಿಸ್‌ನ ಯಾವ ಅಧ್ಯಾಯಕ್ಕೂ ನಾನು ಇಷ್ಟು ಸಲ ತಿದ್ದಿಲ್ಲ. ಜೀನ್‌ನ ಹೆಸರು, ದೋಷವಿದ್ದರೂ ರೋಗ ಬರಲೇಬೇಕೆಂದಿಲ್ಲ ಎಂಬ ಮಾತು, ವರ್ಷಕ್ಕೊಮ್ಮೆ ಮಾಡಿಸಬೇಕಾದ ಪರೀಕ್ಷೆಗಳು, ಆಪರೇಷನ್ ಅಥವಾ ಹೆರಿಗೆಗೆ ಮೊದಲು ಡಾಕ್ಟರಿಗೆ ಇದನ್ನು ತೋರಿಸಿ ಎಂಬ ಸೂಚನೆ. ಬರೆದದ್ದನ್ನು ಡಾಕ್ಟರಿಗೂ ತೋರಿಸಿ ಸರಿ ಅನ್ನಿಸಿಕೊಂಡೆ. ಕೊನೆಗೆ ತಂಗಿ ತನ್ನ ಕೈಬರಹದಲ್ಲಿ ಸೇರಿಸಿದಳು: 'ಪದೇ ಪದೇ ರಕ್ತ ಕಡಿಮೆ ಆಗುತ್ತಿದ್ದರೆ, ಮಾತ್ರೆಯಿಂದ ಏರಿ ಮತ್ತೆ ಇಳಿಯುತ್ತಿದ್ದರೆ, ರಕ್ತ ಎಲ್ಲಿ ಹೋಗುತ್ತಿದೆ ಎಂದು ಕೇಳಿ.'

ಅವಳೇ ಬಸ್ಸು ಹತ್ತಿ ಅತ್ತೆಯ ಮನೆಗೆ ಹೋಗಿ ಕೊಟ್ಟುಬಂದಳು. ಒಳಗೆ ಏನು ಮಾತಾಯಿತು ಎಂದು ನನಗೆ ಹೇಳಿಲ್ಲ, ನಾನೂ ಕೇಳಿಲ್ಲ. ತಂಗಿ ಈಗ ಬಿಕಾಂ ಮುಗಿಸಿದ್ದಾಳೆ. ಸ್ವಲ್ಪ ಸ್ವಲ್ಪವಾಗಿ ದಿನಕ್ಕೆ ಆರು ಸಲ ಉಣ್ಣುತ್ತಾಳೆ, ವರ್ಷಕ್ಕೊಮ್ಮೆ ಸ್ಕ್ಯಾನ್‌ಗೆ ಹೋಗುತ್ತಾಳೆ. ತಮ್ಮ ಹದಿನೆಂಟು ತುಂಬಲಿ, ಆಮೇಲೆ ನಾನೇ ನಿರ್ಧರಿಸುತ್ತೇನೆ ಅಂದಿದ್ದಾನೆ. ಅಲ್ಲಿಯವರೆಗೆ ಅವನ ಬಿಪಿ ನೋಡುವ ಕೆಲಸ ಅಕ್ಕನದ್ದು.

ಪುಟ ತಲುಪಿ ಮೂರು ವಾರವಾದ ಮೇಲೆ ಗೊತ್ತಿಲ್ಲದ ನಂಬರಿನಿಂದ ನನಗೆ ಒಂದು ಕರೆ ಬಂತು. ಮದುವೆ ಗೊತ್ತಾಗಿದ್ದ ಹುಡುಗಿ. ತಾನು ಯಾರ ಮಗಳು ಎಂದಷ್ಟೇ ಹೇಳಿ, ಬೇರೆ ಪೀಠಿಕೆಯಿಲ್ಲದೆ ಕೇಳಿದಳು:

"ಅಕ್ಕ, ಆ ಟೆಸ್ಟ್‌ಗೆ ಖಾಲಿ ಹೊಟ್ಟೇಲಿ ಬರ್ಬೇಕಾ?"

"ಬೇಡ ಕಣೆ," ಅಂದೆ. "ತಿಂಡಿ ತಿಂದ್ಕೊಂಡೇ ಬಾ."